ಜಾಲಪುಟದಲ್ಲಿ ಸಂವಾದಾತ್ಮಕ ನಕ್ಷೆಯ ಅಳವಡಿಕೆ: ವೃಷಭಾವತಿ ಕಣಿವೆಯ ನೀರಾವರಿ ನೀರಿನ ಮಾಹಿತಿಗೆ ಒಂದು ಮಾರ್ಗಸೂಚಿ

ಪೀಠಿಕೆ

ಮಣ್ಣು ಮತ್ತು ನೀರಿನ ಪರೀಕ್ಷಾ ಫಲಿತಾಂಶಗಳು ಸಾಮಾನ್ಯವಾಗಿ ಉದ್ದನೆಯ ಪಟ್ಟಿಗಳ ರೂಪದಲ್ಲಿ ದೊರೆಯುತ್ತವೆ. ಮಾದರಿ ಸಂಖ್ಯೆ, ಗ್ರಾಮ, ರಸಸಾರ, ವಿದ್ಯುತ್ ವಾಹಕತೆ ಮುಂತಾದ ಅಂಕಣಗಳಿರುವ ಈ ಪಟ್ಟಿಗಳಿಂದ ರೈತರು ತಮ್ಮ ಜಮೀನಿಗೆ ಸಂಬಂಧಿಸಿದ ಮಾಹಿತಿಯನ್ನು ಆರಿಸಿಕೊಳ್ಳುವುದು ಕಷ್ಟ. ಅದೇ ಮಾಹಿತಿಯನ್ನು ನಕ್ಷೆಯ ಮೇಲೆ ಬಿಂದುಗಳಾಗಿ ತೋರಿಸಿದರೆ, ತಮ್ಮ ಊರಿನ ಸುತ್ತಮುತ್ತ ಯಾವ ಮೂಲದ ನೀರು ಹೇಗಿದೆ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಇಂದು ಸಿದ್ಧ ಘಟಕಗಳನ್ನು ಬಳಸಿ ಇಂತಹ ನಕ್ಷೆಯನ್ನು ಯಾವುದೇ ಜಾಲಪುಟದಲ್ಲಿ ಅಳವಡಿಸಬಹುದಾಗಿದ್ದು, ಇದಕ್ಕೆ ದೊಡ್ಡ ವೆಚ್ಚವಾಗಲಿ ವಿಶೇಷ ಯಂತ್ರವಾಗಲಿ ಬೇಕಿಲ್ಲ.

ಆದರೆ ನಕ್ಷೆಗೆ ಒಂದು ಅಪಾಯವೂ ಇದೆ. ಪಟ್ಟಿಯನ್ನು ಅನುಮಾನದಿಂದ ಓದುವವರು ಕೂಡ ನಕ್ಷೆಯನ್ನು ಪೂರ್ಣವಾಗಿ ನಂಬುತ್ತಾರೆ. ಹಸಿರು ಬಣ್ಣದ ಬಿಂದು ಕಂಡೊಡನೆ ನೀರು ಶುದ್ಧವಾಗಿದೆ ಎಂದು ಭಾವಿಸುತ್ತಾರೆ. ಬಿಂದು ತಪ್ಪು ಜಾಗದಲ್ಲಿದ್ದರೆ ಅಥವಾ ಅಳೆಯದ ಸಂಗತಿಯನ್ನು ಬಣ್ಣ ಸೂಚಿಸಿದರೆ ಅದರ ನಷ್ಟವನ್ನು ಅನುಭವಿಸುವವರು ರೈತರು. ಆದ್ದರಿಂದ ನಕ್ಷೆಯು ಅಳೆದದ್ದನ್ನು ಮಾತ್ರ, ಅಳೆದ ಜಾಗದಲ್ಲಿ, ಅಳೆದ ದಿನಾಂಕದೊಡನೆ ಹೇಳಬೇಕು ಎಂಬುದೇ ಈ ಲೇಖನದ ಮುಖ್ಯ ಆಶಯ. ಬೆಂಗಳೂರಿನ ಗೋವಿಂದರಾಜನಗರದಿಂದ ಬೈರಮಂಗಲದವರೆಗಿನ ವೃಷಭಾವತಿ ಕಣಿವೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಅದರ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ವೃಷಭಾವತಿ ಕಣಿವೆಯನ್ನು ಆರಿಸಿಕೊಂಡ ಕಾರಣ

ಬೆಂಗಳೂರು ನಗರವು ಎತ್ತರದ ದಿಣ್ಣೆಯ ಮೇಲಿದೆ. ಇಲ್ಲಿ ಬಿದ್ದ ನೀರು ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ ಮತ್ತು ವೃಷಭಾವತಿ ಎಂಬ ಮೂರು ಮುಖ್ಯ ಕಣಿವೆಗಳ ಮೂಲಕ ಹೊರಕ್ಕೆ ಹರಿಯುತ್ತದೆ. ಗೋವಿಂದರಾಜನಗರ ಮತ್ತು ವಿಜಯನಗರ ಬಡಾವಣೆಗಳು ವೃಷಭಾವತಿ ಕಣಿವೆಗೆ ಸೇರಿವೆ. ಇಲ್ಲಿನ ರಾಜಕಾಲುವೆಗಳ ನೀರು ವೃಷಭಾವತಿಯನ್ನು ಸೇರಿ, ಮೈಸೂರು ರಸ್ತೆಯ ಬದಿಯಲ್ಲಿ ಕೆಂಗೇರಿಯ ಕಡೆಗೆ ಸಾಗಿ, ಬಿಡದಿ ಹೋಬಳಿಯ ಬೈರಮಂಗಲ ಕೆರೆಯನ್ನು ತಲುಪುತ್ತದೆ. ಅಲ್ಲಿಂದ ಮುಂದೆ ಅರ್ಕಾವತಿಯನ್ನೂ, ಸಂಗಮದಲ್ಲಿ ಕಾವೇರಿಯನ್ನೂ ಸೇರುತ್ತದೆ. ಗೋವಿಂದರಾಜನಗರದಿಂದ ಬೈರಮಂಗಲಕ್ಕೆ ನೇರ ಗೆರೆಯಲ್ಲಿ ಸುಮಾರು 25 ಕಿ.ಮೀ. ದೂರವಿದೆ.

ನಗರದ ಗೃಹಬಳಕೆಯ ಕೊಳಚೆ ನೀರು ಮತ್ತು ಪಶ್ಚಿಮ ಭಾಗದ ಕೈಗಾರಿಕಾ ಪ್ರದೇಶಗಳ ತ್ಯಾಜ್ಯ ಈ ನದಿಗೆ ಸೇರುತ್ತಿರುವುದು ಹಲವು ದಶಕಗಳಿಂದ ದಾಖಲಾಗಿರುವ ಸಂಗತಿ. ಕೆಳಭಾಗದ ರೈತರಿಗೆ ಈ ನೀರು ವರ್ಷವಿಡೀ ದೊರೆಯುತ್ತದೆ. ಅದರಲ್ಲಿ ಸಾರಜನಕದಂತಹ ಪೋಷಕಾಂಶಗಳೂ ಇರುತ್ತವೆ. ಮೇವಿನ ಹುಲ್ಲು, ಬೇಬಿ ಕಾರ್ನ್, ಹಿಪ್ಪುನೇರಳೆ ಮತ್ತು ತೆಂಗು ಈ ಭಾಗದಲ್ಲಿ ಬೆಳೆಯುವ ಬೆಳೆಗಳು. ಲವಣಾಂಶ ಹೆಚ್ಚಾದಲ್ಲಿ ಮಣ್ಣು ಕೆಡುತ್ತದೆ. ಭಾರಲೋಹಗಳಿದ್ದಲ್ಲಿ ಅವು ಸೊಪ್ಪು ತರಕಾರಿ ಮತ್ತು ಮೇವಿನ ಮೂಲಕ ಆಹಾರ ಸರಪಳಿಯನ್ನು ಪ್ರವೇಶಿಸುವ ಸಾಧ್ಯತೆಯಿದೆ. ಹಾಗಾಗಿ ಯಾವ ಜಾಗದ ನೀರನ್ನು ಯಾವ ಬೆಳೆಗೆ ಬಳಸಬೇಕು ಎಂಬ ನಿರ್ಧಾರಕ್ಕೆ ಸ್ಥಳಾವಾರು ಮಾಹಿತಿ ಅಗತ್ಯ. ಮೇಲ್ಭಾಗದ ಬಡಾವಣೆಯ ನಿವಾಸಿಗಳಿಗೂ ತಮ್ಮ ಮನೆಯ ಮುಂದಿನ ಕಾಲುವೆಯ ನೀರು ಯಾರ ಹೊಲಕ್ಕೆ ಹೋಗುತ್ತದೆ ಎಂಬುದನ್ನು ಇದೇ ನಕ್ಷೆ ತೋರಿಸಬಲ್ಲದು.

ಸಂವಾದಾತ್ಮಕ ನಕ್ಷೆಯ ಘಟಕಗಳು

ಮುದ್ರಿತ ನಕ್ಷೆಯು ಒಂದೇ ಚಿತ್ರ. ಸಂವಾದಾತ್ಮಕ ನಕ್ಷೆಯಾದರೋ ಹಲವು ಘಟಕಗಳ ಜೋಡಣೆ. ಅವುಗಳನ್ನು ಪ್ರತ್ಯೇಕವಾಗಿ ಅರಿತರೆ ದೋಷ ಎಲ್ಲಿದೆ ಎಂಬುದನ್ನು ಸುಲಭವಾಗಿ ಪತ್ತೆ ಹಚ್ಚಬಹುದು.

1. ಚೌಕಟ್ಟು: ಪುಟದಲ್ಲಿ ನಕ್ಷೆಗಾಗಿ ಮೀಸಲಿಟ್ಟ ಜಾಗ. ಇದಕ್ಕೆ ಅಗಲದ ಜೊತೆಗೆ ಎತ್ತರವನ್ನೂ ಸ್ಪಷ್ಟವಾಗಿ ನಿಗದಿಪಡಿಸಬೇಕು.
2. ಹಿನ್ನೆಲೆ ಪದರ: ರಸ್ತೆ, ಕೆರೆ, ಊರುಗಳನ್ನು ತೋರಿಸುವ ತಳದ ನಕ್ಷೆ. ಇದು ಸಾಮಾನ್ಯವಾಗಿ 256 ಪಿಕ್ಸೆಲ್ ಉದ್ದ ಮತ್ತು ಅಗಲದ ಚಿಕ್ಕ ಬಿಲ್ಲೆಗಳಾಗಿ ಬರುತ್ತದೆ. ತೆರೆಯ ಮೇಲೆ ಕಾಣುವ ಭಾಗದ ಬಿಲ್ಲೆಗಳು ಮಾತ್ರ ಇಳಿದು ಬರುವುದರಿಂದ ಇಡೀ ರಾಜ್ಯದ ನಕ್ಷೆಯನ್ನು ಮೊಬೈಲ್‌ಗೆ ತರಬೇಕಾಗಿಲ್ಲ.
3. ಗುರುತುಗಳು: ಮಾದರಿ ತೆಗೆದ ಕೊಳವೆಬಾವಿ, ಕಾಲುವೆ ಅಥವಾ ಕೆರೆಯನ್ನು ಸೂಚಿಸುವ ಬಿಂದುಗಳು.
4. ಗೆರೆ ಮತ್ತು ಆವರಣಗಳು: ನದಿಯ ಹರಿವು, ಗ್ರಾಮದ ಎಲ್ಲೆ, ಅಚ್ಚುಕಟ್ಟು ಪ್ರದೇಶ ಇತ್ಯಾದಿ.
5. ಮಾಹಿತಿ ಪೆಟ್ಟಿಗೆ: ಗುರುತನ್ನು ಒತ್ತಿದಾಗ ತೆರೆದುಕೊಳ್ಳುವ ವಿವರ.
6. ಸಂಕೇತ ಸೂಚಿ: ಯಾವ ಬಣ್ಣ ಅಥವಾ ಆಕಾರಕ್ಕೆ ಯಾವ ಅರ್ಥ ಎಂಬ ವಿವರಣೆ.
7. ನಿಯಂತ್ರಣಗಳು: ಹಿಗ್ಗಿಸುವ ಮತ್ತು ಕುಗ್ಗಿಸುವ ಗುಂಡಿ, ಪದರ ಬದಲಿಸುವ ಗುಂಡಿ, ಅಳತೆಪಟ್ಟಿ, ತಾನಿರುವ ಸ್ಥಳ ತೋರಿಸುವ ಗುಂಡಿ.
8. ಮೂಲದ ಉಲ್ಲೇಖ: ಹಿನ್ನೆಲೆ ನಕ್ಷೆ ಮತ್ತು ದತ್ತಾಂಶ ಯಾರದು ಎಂಬ ಒಂದು ಸಾಲು.

ಅಳವಡಿಕೆಯ ಮೂರು ವಿಧಾನಗಳು

ಅ) ಸಿದ್ಧ ನಕ್ಷೆಯನ್ನು ಚೌಕಟ್ಟಿನಲ್ಲಿ ಕೂರಿಸುವುದು. ಗೂಗಲ್ ಮ್ಯಾಪ್ಸ್, ಓಪನ್‌ಸ್ಟ್ರೀಟ್‌ಮ್ಯಾಪ್ ಮುಂತಾದ ತಾಣಗಳು ಹಂಚಿಕೊಳ್ಳುವ ಆಯ್ಕೆಯಲ್ಲಿ ಐಫ್ರೇಮ್ ಎಂಬ ಸಿದ್ಧ ಸಂಕೇತವನ್ನು ನೀಡುತ್ತವೆ. ಅದನ್ನು ನಕಲು ಮಾಡಿ ಪುಟದಲ್ಲಿ ಅಂಟಿಸಿದರೆ ನಕ್ಷೆ ಕಾಣಿಸುತ್ತದೆ. ರೈತ ಸಂಪರ್ಕ ಕೇಂದ್ರ ಅಥವಾ ಪರೀಕ್ಷಾ ಪ್ರಯೋಗಾಲಯದ ವಿಳಾಸ ತೋರಿಸಲು ಇಷ್ಟೇ ಸಾಕು.

ಆ) ಪಟ್ಟಿಯಿಂದ ನಕ್ಷೆ ತಯಾರಿಸುವುದು. ಗೂಗಲ್ ಮೈ ಮ್ಯಾಪ್ಸ್‌ನಂತಹ ಸೇವೆಯಲ್ಲಿ ಅಕ್ಷಾಂಶ ಮತ್ತು ರೇಖಾಂಶಗಳಿರುವ ಕೋಷ್ಟಕವನ್ನು ಏರಿಸಿದರೆ ಬಿಂದುಗಳು ತಾವಾಗಿಯೇ ಮೂಡುತ್ತವೆ. ಒಂದು ಪದರಕ್ಕೆ 2,000 ಸಾಲುಗಳವರೆಗೆ ಅವಕಾಶವಿದೆ. ಬಳಿಕ ಅದನ್ನೂ ಐಫ್ರೇಮ್ ಮೂಲಕ ಅಳವಡಿಸಬಹುದು. ಸಂಕೇತ ಬರೆಯಲು ಬಾರದ ವಿಸ್ತರಣಾ ಕಾರ್ಯಕರ್ತರಿಗೆ ಈ ವಿಧಾನ ಸೂಕ್ತ.

ಇ) ಘಟಕ ಸಂಗ್ರಹವನ್ನು ಬಳಸುವುದು. ಲೀಫ್ಲೆಟ್ ಎಂಬ ಮುಕ್ತ ತಂತ್ರಾಂಶವು 2011ರಲ್ಲಿ ಬಿಡುಗಡೆಯಾಯಿತು. ಅದರ ಮುಖ್ಯ ಕಡತವು ಸಂಕುಚಿತ ರೂಪದಲ್ಲಿ ಸುಮಾರು 42 ಕಿಲೋಬೈಟ್ ಮಾತ್ರ ಇರುವುದರಿಂದ ನಿಧಾನಗತಿಯ ಸಂಪರ್ಕದಲ್ಲಿಯೂ ತೆರೆದುಕೊಳ್ಳುತ್ತದೆ. ಮೇಲೆ ಹೇಳಿದ ಎಂಟು ಘಟಕಗಳನ್ನೂ ಇದರಲ್ಲಿ ಒಂದೊಂದಾಗಿ ಜೋಡಿಸಬಹುದು. ಬಿಂದುವಿನ ಆಕಾರ, ಕನ್ನಡ ವಿವರ, ಸಂಕೇತ ಸೂಚಿ ಎಲ್ಲವೂ ನಮ್ಮ ಹಿಡಿತದಲ್ಲಿರುತ್ತವೆ. ಇಲಾಖೆ ಅಥವಾ ವಿಶ್ವವಿದ್ಯಾನಿಲಯದ ಜಾಲತಾಣ ನಿರ್ವಾಹಕರು ಈ ವಿಧಾನವನ್ನು ಅನುಸರಿಸುವುದು ಒಳಿತು.

ಹಿನ್ನೆಲೆ ಪದರದ ಆಯ್ಕೆಯಲ್ಲಿಯೂ ಎಚ್ಚರ ಬೇಕು. 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನ ದತ್ತಾಂಶವು ಎಲ್ಲರಿಗೂ ಮುಕ್ತವಾಗಿದ್ದು, ಅದರ ಕೊಡುಗೆದಾರರ ಉಲ್ಲೇಖ ಕಡ್ಡಾಯ. ಆದರೆ ಆ ಸಂಸ್ಥೆಯ ಬಿಲ್ಲೆ ಸರ್ವರ್‌ಗಳು ದೇಣಿಗೆಯಿಂದ ನಡೆಯುವುದರಿಂದ ಬಿಲ್ಲೆಗಳನ್ನು ರಾಶಿಯಾಗಿ ಇಳಿಸಿಕೊಳ್ಳಲು ಅನುಮತಿಯಿಲ್ಲ. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು 2009ರಲ್ಲಿ ಆರಂಭಿಸಿದ ಭುವನ್ ತಾಣವು ಉಪಗ್ರಹ ಚಿತ್ರ ಮತ್ತು ವಿಷಯಾಧಾರಿತ ನಕ್ಷೆಗಳನ್ನು ಒದಗಿಸುತ್ತದೆ. ಗೂಗಲ್ ಮ್ಯಾಪ್ಸ್‌ನ ಘಟಕಗಳನ್ನು ಸಂಕೇತದ ಮೂಲಕ ಬಳಸಲು ಎಪಿಐ ಕೀಲಿ ಬೇಕು. ಆ ಕೀಲಿಯನ್ನು ನಮ್ಮ ಜಾಲತಾಣಕ್ಕೆ ಮಾತ್ರ ಸೀಮಿತಗೊಳಿಸದಿದ್ದರೆ ಅನ್ಯರು ಅದನ್ನು ಬಳಸಿ, ಶುಲ್ಕ ನಮ್ಮ ಲೆಕ್ಕಕ್ಕೆ ಬರಬಹುದು.

ದತ್ತಾಂಶದ ಸಿದ್ಧತೆ

ನಕ್ಷೆಯ ಗುಣಮಟ್ಟವು ತಂತ್ರಾಂಶಕ್ಕಿಂತ ಹೆಚ್ಚಾಗಿ ದತ್ತಾಂಶವನ್ನು ಅವಲಂಬಿಸಿದೆ. ಹೊಲದಲ್ಲಿ ಮಾದರಿ ತೆಗೆಯುವಾಗಲೇ ಸ್ಥಳದ ಅಕ್ಷಾಂಶ, ರೇಖಾಂಶ, ದಿನಾಂಕ ಮತ್ತು ನೀರಿನ ಮೂಲವನ್ನು ಬರೆದುಕೊಳ್ಳಬೇಕು. ಕೊಳವೆಬಾವಿಯಾದಲ್ಲಿ ಪಂಪನ್ನು 10ರಿಂದ 15 ನಿಮಿಷ ಚಾಲನೆಯಲ್ಲಿಟ್ಟ ನಂತರ, ಸ್ವಚ್ಛವಾದ ಪ್ಲಾಸ್ಟಿಕ್ ಸೀಸೆಯನ್ನು ಅದೇ ನೀರಿನಿಂದ ತೊಳೆದು ಸುಮಾರು ಒಂದು ಲೀಟರ್ ಮಾದರಿ ತೆಗೆದು, ಚೀಟಿ ಅಂಟಿಸಿ ಬೇಗನೆ ಪ್ರಯೋಗಾಲಯಕ್ಕೆ ತಲುಪಿಸಬೇಕು. ಭಾರಲೋಹಗಳ ಪರೀಕ್ಷೆಗೆ ಪ್ರತ್ಯೇಕ ಮಾದರಿ ಬೇಕಾಗುವುದರಿಂದ ಪ್ರಯೋಗಾಲಯವನ್ನು ಮೊದಲೇ ಸಂಪರ್ಕಿಸಿ ಸೂಚನೆ ಪಡೆಯುವುದು ಸೂಕ್ತ.

ನಂತರ ಕೋಷ್ಟಕ ಸಿದ್ಧಪಡಿಸುವಾಗ ಕೆಳಗಿನ ಅಂಶಗಳನ್ನು ಗಮನಿಸತಕ್ಕದ್ದು.

1. ಅಕ್ಷಾಂಶ ಮತ್ತು ರೇಖಾಂಶಗಳ ಕ್ರಮ: ಗೋವಿಂದರಾಜನಗರವು ಸುಮಾರು 12.97 ಉತ್ತರ ಅಕ್ಷಾಂಶ ಮತ್ತು 77.53 ಪೂರ್ವ ರೇಖಾಂಶದಲ್ಲಿದೆ. ಲೀಫ್ಲೆಟ್ ಮತ್ತು ಗೂಗಲ್ ಮ್ಯಾಪ್ಸ್‌ನಲ್ಲಿ ಅಕ್ಷಾಂಶ ಮೊದಲು. ಜಿಯೋಜೇಸನ್ ಎಂಬ ಕಡತ ಮಾದರಿಯಲ್ಲಿ ರೇಖಾಂಶ ಮೊದಲು. ಇವು ಅದಲುಬದಲಾದರೆ ಗೋವಿಂದರಾಜನಗರದ ಬಿಂದು ಉತ್ತರ ಧ್ರುವದ ಕಡೆಗೆ, ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಗಳ ಬಳಿಯ ಸಮುದ್ರದಲ್ಲಿ ಮೂಡುತ್ತದೆ. ನಕ್ಷೆಯಲ್ಲಿ ಬಿಂದುಗಳೇ ಕಾಣುತ್ತಿಲ್ಲ ಎಂದಾದಲ್ಲಿ ಮೊದಲು ಪರಿಶೀಲಿಸಬೇಕಾದುದು ಈ ಕ್ರಮವನ್ನು.

2. ಡಿಗ್ರಿ, ನಿಮಿಷ, ಸೆಕೆಂಡುಗಳ ಪರಿವರ್ತನೆ: 12 ಡಿಗ್ರಿ 58 ನಿಮಿಷ 12 ಸೆಕೆಂಡು ಎಂಬುದನ್ನು ದಶಮಾಂಶಕ್ಕೆ ತರಲು ನಿಮಿಷವನ್ನು 60ರಿಂದಲೂ ಸೆಕೆಂಡನ್ನು 3,600ರಿಂದಲೂ ಭಾಗಿಸಿ ಕೂಡಬೇಕು. ಆಗ 12.97 ಬರುತ್ತದೆ. ಇದನ್ನೇ 12.5812 ಎಂದು ಬರೆದರೆ ಬಿಂದು ಸುಮಾರು 43 ಕಿ.ಮೀ. ದಕ್ಷಿಣಕ್ಕೆ, ಕನಕಪುರದ ದಿಕ್ಕಿಗೆ ಸರಿಯುತ್ತದೆ. ಈ ದೋಷವು ಹಿಂದಿನದಕ್ಕಿಂತ ಹೆಚ್ಚು ಅಪಾಯಕಾರಿ. ಏಕೆಂದರೆ ಬಿಂದು ನಮ್ಮ ರಾಜ್ಯದೊಳಗೇ, ಹೊಲಗಳಿರುವ ಜಾಗದಲ್ಲಿಯೇ ಬೀಳುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

3. ದಶಮಾಂಶ ಸ್ಥಾನಗಳು: ದಶಮಾಂಶದ ಎರಡು ಸ್ಥಾನಗಳು ಸುಮಾರು 1.1 ಕಿ.ಮೀ., ಮೂರು ಸ್ಥಾನಗಳು 110 ಮೀಟರ್, ನಾಲ್ಕು ಸ್ಥಾನಗಳು 11 ಮೀಟರ್, ಐದು ಸ್ಥಾನಗಳು 1.1 ಮೀಟರ್ ನಿಖರತೆಯನ್ನು ಸೂಚಿಸುತ್ತವೆ. ಬಯಲಿನಲ್ಲಿ ಮೊಬೈಲ್‌ನ ನಿಖರತೆ ಸುಮಾರು 5 ಮೀಟರ್ ಇರುವುದರಿಂದ ಐದು ಸ್ಥಾನಗಳಿಗಿಂತ ಹೆಚ್ಚು ಬರೆಯುವುದರಿಂದ ಪ್ರಯೋಜನವಿಲ್ಲ. ತೆಂಗು ಅಥವಾ ಮಾವಿನ ದಟ್ಟ ತೋಟದಲ್ಲಿ ನಿಖರತೆ ಇನ್ನೂ ಕಡಿಮೆಯಾಗುತ್ತದೆ.

4. ಕನ್ನಡ ಅಕ್ಷರಗಳು: ಕಚೇರಿಗಳಲ್ಲಿ ಹಿಂದೆ ಬಳಸುತ್ತಿದ್ದ ಯೂನಿಕೋಡ್ ಅಲ್ಲದ ನುಡಿ ಅಥವಾ ಬರಹ ಅಕ್ಷರಗಳಲ್ಲಿರುವ ಪಟ್ಟಿಯನ್ನು ಹಾಗೆಯೇ ಏರಿಸಿದರೆ ಊರಿನ ಹೆಸರುಗಳು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಸಿಎಸ್‌ವಿ ಕಡತವನ್ನು ಯುಟಿಎಫ್-8 ಆಯ್ಕೆಯಲ್ಲಿ ಉಳಿಸಬೇಕು. ಅಕ್ಷಾಂಶ ಮತ್ತು ರೇಖಾಂಶಗಳನ್ನು ಕನ್ನಡ ಅಂಕಿಗಳಲ್ಲಿ ಬರೆಯಬಾರದು. ತಂತ್ರಾಂಶವು ಅವುಗಳನ್ನು ಸಂಖ್ಯೆಗಳೆಂದು ಗುರುತಿಸುವುದಿಲ್ಲ.

5. ಊರಿನ ಹೆಸರು ಮತ್ತು ಸಂಕೇತ ಸಂಖ್ಯೆ: ಒಂದೇ ಹೆಸರಿನ ಹಲವು ಗ್ರಾಮಗಳಿರುತ್ತವೆ. ಹೆಸರುಗಳು ಬದಲಾಗುವುದೂ ಉಂಟು. ಬೈರಮಂಗಲವಿರುವ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರಿಡಲಾಯಿತು. ಬೆಂಗಳೂರು ನಗರ ಜಿಲ್ಲೆಯಲ್ಲಿ ಬೆಂಗಳೂರು ದಕ್ಷಿಣ ಎಂಬ ತಾಲ್ಲೂಕು ಬೇರೆಯೇ ಇದೆ. ಆದ್ದರಿಂದ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮಗಳನ್ನು ಪ್ರತ್ಯೇಕ ಅಂಕಣಗಳಲ್ಲಿ ಬರೆದು, ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರ ಕೋಶದಲ್ಲಿರುವ ಗ್ರಾಮದ ಸಂಕೇತ ಸಂಖ್ಯೆಯನ್ನೂ ಸೇರಿಸುವುದು ಉತ್ತಮ.

ನಕ್ಷೆಯ ಹಂತ ಮತ್ತು ಹೊಲದ ಅಳತೆ

ಸಂವಾದಾತ್ಮಕ ನಕ್ಷೆಯನ್ನು ಹಂತಗಳಲ್ಲಿ ಹಿಗ್ಗಿಸಬಹುದು. ಸೊನ್ನೆ ಹಂತದಲ್ಲಿ ಇಡೀ ಪ್ರಪಂಚ ಒಂದೇ ಬಿಲ್ಲೆಯಲ್ಲಿ ಅಡಗುತ್ತದೆ. ಪ್ರತಿ ಹಂತಕ್ಕೂ ಒಂದು ಬಿಲ್ಲೆ ನಾಲ್ಕಾಗಿ ಒಡೆಯುತ್ತದೆ. ಬೆಂಗಳೂರಿನ ಅಕ್ಷಾಂಶದಲ್ಲಿ ಇದರ ಲೆಕ್ಕ ಹೀಗಿದೆ.

- ಹಂತ 11: ಒಂದು ಪಿಕ್ಸೆಲ್ ಸುಮಾರು 75 ಮೀಟರ್‌ಗೆ ಸಮ. ಗೋವಿಂದರಾಜನಗರದಿಂದ ಬೈರಮಂಗಲದವರೆಗಿನ ಕಣಿವೆ ಒಂದು ಮೊಬೈಲ್ ತೆರೆಯಲ್ಲಿ ಕಾಣುತ್ತದೆ. ಒಂದು ಎಕರೆ ಒಂದು ಚುಕ್ಕೆಗಿಂತ ಚಿಕ್ಕದಾಗಿರುತ್ತದೆ.
- ಹಂತ 15: ಒಂದು ಪಿಕ್ಸೆಲ್ ಸುಮಾರು 4.7 ಮೀಟರ್. ಚೌಕಾಕಾರದ ಒಂದು ಎಕರೆಯ ಬದಿ ಸುಮಾರು 64 ಮೀಟರ್ ಇರುವುದರಿಂದ ಅದು 14 ಪಿಕ್ಸೆಲ್‌ಗಳಷ್ಟು ಕಾಣುತ್ತದೆ.
- ಹಂತ 17: ಒಂದು ಪಿಕ್ಸೆಲ್ ಸುಮಾರು 1.2 ಮೀಟರ್. ಎಕರೆಯ ಬದಿ ಸುಮಾರು 55 ಪಿಕ್ಸೆಲ್, 33 ಅಡಿ ಬದಿಯ ಒಂದು ಗುಂಟೆ ಸುಮಾರು 9 ಪಿಕ್ಸೆಲ್.

ಈ ಲೆಕ್ಕದಿಂದ ಎರಡು ನಿರ್ಧಾರಗಳು ಹೊರಡುತ್ತವೆ. ಮೊದಲನೆಯದಾಗಿ, ನಕ್ಷೆ ತೆರೆದಾಗ ಹಂತ 11ರಲ್ಲಿ ಇಡೀ ಕಣಿವೆ ಕಾಣುವಂತಿರಲಿ. ಆಗ ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂಬುದು ಅರ್ಥವಾಗುತ್ತದೆ. ಎರಡನೆಯದಾಗಿ, ದತ್ತಾಂಶ ಗ್ರಾಮ ಮಟ್ಟದ್ದಾಗಿದ್ದರೆ ಹಂತ 14 ಅಥವಾ 15ರ ಆಚೆಗೆ ಹಿಗ್ಗಿಸಲು ಅವಕಾಶ ಕೊಡಬಾರದು. ಗ್ರಾಮಕ್ಕೆ ಒಂದೇ ಮಾದರಿ ತೆಗೆದು ಹಂತ 18ರವರೆಗೆ ಹಿಗ್ಗಿಸಲು ಬಿಟ್ಟರೆ, ಅದು ತನ್ನ ಸರ್ವೆ ನಂಬರಿನದೇ ಫಲಿತಾಂಶ ಎಂದು ರೈತರು ತಿಳಿಯುವ ಸಾಧ್ಯತೆಯಿದೆ.

ಬಣ್ಣ ಮತ್ತು ಸಂಕೇತ ಸೂಚಿ

ಬಣ್ಣಕ್ಕೆ ಆಧಾರವಾಗಿ ಅಂಗೀಕೃತ ಮಾನದಂಡವಿರಬೇಕು. ನೀರಾವರಿ ನೀರಿನ ಲವಣಾಂಶಕ್ಕೆ ವಿಶ್ವ ಆಹಾರ ಮತ್ತು ಕೃಷಿ ಸಂಸ್ಥೆಯ ಮಾರ್ಗಸೂಚಿಯಂತೆ ಮೂರು ವರ್ಗಗಳಿವೆ.

- ವಿದ್ಯುತ್ ವಾಹಕತೆ ಪ್ರತಿ ಮೀಟರಿಗೆ 0.7 ಡೆಸಿ ಸೀಮನ್ಸ್‌ಗಿಂತ ಕಡಿಮೆ: ಬಳಕೆಗೆ ನಿರ್ಬಂಧವಿಲ್ಲ.
- 0.7ರಿಂದ 3.0: ಅಲ್ಪದಿಂದ ಮಧ್ಯಮ ನಿರ್ಬಂಧ. ಬೆಳೆಯ ಆಯ್ಕೆ ಮತ್ತು ಬಸಿಗಾಲುವೆಯ ಕಡೆಗೆ ಗಮನ ಅಗತ್ಯ.
- 3.0ಕ್ಕಿಂತ ಹೆಚ್ಚು: ತೀವ್ರ ನಿರ್ಬಂಧ.

ರಸಸಾರದ ಸಾಮಾನ್ಯ ವ್ಯಾಪ್ತಿ 6.5ರಿಂದ 8.4. ಭಾರಲೋಹಗಳಿಗೆ ಇದೇ ಸಂಸ್ಥೆ ಸೂಚಿಸಿರುವ ಗರಿಷ್ಠ ಮಿತಿ ಪ್ರತಿ ಲೀಟರಿಗೆ ಕ್ಯಾಡ್ಮಿಯಂ 0.01, ಕ್ರೋಮಿಯಂ 0.1, ನಿಕ್ಕಲ್ 0.2 ಮತ್ತು ತಾಮ್ರ 0.2 ಮಿ.ಗ್ರಾಂ.

ಇಲ್ಲಿ ಅತಿ ಮುಖ್ಯವಾದ ಒಂದು ಎಚ್ಚರಿಕೆಯಿದೆ. ವಿದ್ಯುತ್ ವಾಹಕತೆಯು ನೀರಿನಲ್ಲಿ ಕರಗಿದ ಒಟ್ಟು ಲವಣಗಳನ್ನು ಮಾತ್ರ ತಿಳಿಸುತ್ತದೆ. ಕ್ಯಾಡ್ಮಿಯಂ ಮಿತಿ ಮೀರಿದ ನೀರಿನ ವಾಹಕತೆಯೂ ಕಡಿಮೆ ಇರಬಹುದು, ಏಕೆಂದರೆ ಲೀಟರಿಗೆ ಒಂದು ಮಿಲಿಗ್ರಾಂನ ನೂರನೇ ಒಂದು ಭಾಗದಷ್ಟು ಲೋಹದಿಂದ ವಾಹಕತೆಯಲ್ಲಿ ಗಮನಾರ್ಹ ವ್ಯತ್ಯಾಸ ಉಂಟಾಗುವುದಿಲ್ಲ. ವೃಷಭಾವತಿಯಂತಹ ಕಣಿವೆಯಲ್ಲಿ ವಾಹಕತೆಯ ನಕ್ಷೆಗೆ ‘ನೀರಿನ ಗುಣಮಟ್ಟ’ ಎಂದು ಶೀರ್ಷಿಕೆ ಕೊಟ್ಟರೆ, ಹಸಿರು ಬಿಂದುವಿನ ಬಳಿಯ ರೈತರು ಆ ನೀರನ್ನು ನಿಶ್ಚಿಂತೆಯಿಂದ ಸೊಪ್ಪಿಗೂ ಮೇವಿಗೂ ಹಾಯಿಸುತ್ತಾರೆ. ಶೀರ್ಷಿಕೆ ‘ನೀರಿನ ಲವಣಾಂಶ’ ಎಂದಿರಲಿ. ಭಾರಲೋಹಗಳಿಗೆ ಪ್ರತ್ಯೇಕ ಪದರವಿರಲಿ. ಲೋಹಗಳನ್ನು ಪರೀಕ್ಷಿಸದ ಬಿಂದುಗಳನ್ನು ಆ ಪದರದಲ್ಲಿ ಬೂದು ಬಣ್ಣದಲ್ಲಿ ತೋರಿಸಿ ‘ಪರೀಕ್ಷಿಸಿಲ್ಲ’ ಎಂದು ಬರೆಯಬೇಕು. ಪರೀಕ್ಷಿಸದಿರುವುದು ಬೇರೆ, ದೋಷವಿಲ್ಲದಿರುವುದು ಬೇರೆ.

ಬಿಂದುಗಳ ನಡುವಿನ ಜಾಗಕ್ಕೆ ಬಣ್ಣ ತುಂಬುವುದೂ ಸೂಕ್ತವಲ್ಲ. ಈ ಪ್ರದೇಶದ ತಳದಲ್ಲಿರುವುದು ಗಟ್ಟಿಯಾದ ಗ್ರಾನೈಟ್ ಮತ್ತು ನೈಸ್ ಶಿಲೆ. ಅಂತರ್ಜಲವು ಶಿಲೆಯ ಬಿರುಕುಗಳಲ್ಲಿ ಸಂಚರಿಸುವುದರಿಂದ ಅಕ್ಕಪಕ್ಕದ ಎರಡು ಕೊಳವೆಬಾವಿಗಳ ನೀರು ಬೇರೆ ಬೇರೆಯಾಗಿರಬಹುದು. ಅಳೆದ ಬಿಂದುವಿಗೆ ಮಾತ್ರ ಬಣ್ಣ ಕೊಟ್ಟು ಉಳಿದ ಜಾಗವನ್ನು ಖಾಲಿ ಬಿಡುವುದು ಪ್ರಾಮಾಣಿಕ ಕ್ರಮ.

ಕೆಂಪು ಮತ್ತು ಹಸಿರಿನ ವ್ಯತ್ಯಾಸ ಕಾಣದವರೂ ಇರುತ್ತಾರೆ. ಬಿಸಿಲಿನಲ್ಲಿ ಮೊಬೈಲ್ ತೆರೆಯ ಬಣ್ಣಗಳು ಮಸುಕಾಗುವುದೂ ಉಂಟು. ಆದ್ದರಿಂದ ಬಣ್ಣದ ಜೊತೆಗೆ ವೃತ್ತ, ಚೌಕ, ತ್ರಿಕೋನ ಎಂಬ ಆಕಾರಗಳನ್ನೂ ಬಳಸಬೇಕು.

ಮಾಹಿತಿ ಪೆಟ್ಟಿಗೆಯಲ್ಲಿ ಇರಬೇಕಾದ ವಿವರ

ಪೆಟ್ಟಿಗೆಯು ಚಿಕ್ಕದಾಗಿರಲಿ. ಗ್ರಾಮದ ಹೆಸರು, ನೀರಿನ ಮೂಲ, ಮಾದರಿ ತೆಗೆದ ದಿನಾಂಕ, ಅಳತೆ, ಅದರ ಏಕಮಾನ ಹಾಗೂ ಒಂದು ಸಾಲಿನ ಸಲಹೆ ಸಾಕು. ದಿನಾಂಕವನ್ನು ಕೈಬಿಡಬಾರದು. ಮುಂಗಾರಿನ ಮಳೆಯಲ್ಲಿ ನದಿಯ ನೀರು ತಿಳಿಯಾಗಿ ಲವಣಾಂಶ ಇಳಿಯುತ್ತದೆ; ಬೇಸಿಗೆಯಲ್ಲಿ ಏರುತ್ತದೆ. ಆಗಸ್ಟ್ ತಿಂಗಳ ಅಳತೆಯನ್ನು ನೋಡಿ ಏಪ್ರಿಲ್ ತಿಂಗಳಲ್ಲಿ ನೀರು ಹಾಯಿಸುವುದು ಸರಿಯಲ್ಲ. ಸಾಧ್ಯವಾದಲ್ಲಿ ಬೇಸಿಗೆ ಮತ್ತು ಮಳೆಗಾಲದ ಅಳತೆಗಳನ್ನು ಎರಡು ಪದರಗಳಾಗಿ ಕೊಡಬೇಕು.

ಮೊಬೈಲ್ ಬಳಕೆದಾರರಿಗೆ ಅನುಕೂಲ

ರೈತರಲ್ಲಿ ಹೆಚ್ಚಿನವರು ಜಾಲಪುಟವನ್ನು ಮೊಬೈಲ್‌ನಲ್ಲಿ ನೋಡುತ್ತಾರೆ. ಅದಕ್ಕೆ ತಕ್ಕಂತೆ ಈ ಕ್ರಮಗಳನ್ನು ಕೈಗೊಳ್ಳಬೇಕು.

- ನಕ್ಷೆ ಇಡೀ ತೆರೆಯನ್ನು ಆಕ್ರಮಿಸಿದರೆ ಬೆರಳಿಟ್ಟಾಗ ಪುಟದ ಬದಲು ನಕ್ಷೆಯೇ ಜರುಗಿ ಓದುಗರು ಅಲ್ಲಿಯೇ ಸಿಲುಕುತ್ತಾರೆ. ಚೌಕಟ್ಟಿನ ಎತ್ತರವನ್ನು ತೆರೆಯ ಮೂರನೇ ಎರಡು ಭಾಗಕ್ಕೆ ಮಿತಿಗೊಳಿಸಬೇಕು ಅಥವಾ ಎರಡು ಬೆರಳಿನಿಂದ ಮಾತ್ರ ನಕ್ಷೆ ಜರುಗುವಂತೆ ಮಾಡಬೇಕು.
- ಮೊದಲು ಸ್ಥಿರ ಚಿತ್ರವನ್ನು ತೋರಿಸಿ, ಒತ್ತಿದಾಗ ಮಾತ್ರ ಸಂವಾದಾತ್ಮಕ ನಕ್ಷೆ ತೆರೆಯುವಂತೆ ಮಾಡಿದರೆ ಡೇಟಾ ಉಳಿಯುತ್ತದೆ.
- ಗ್ರಾಮದ ಎಲ್ಲೆಗಳ ಕಡತ ದೊಡ್ಡದಾಗಿದ್ದರೆ ಗೆರೆಗಳನ್ನು ಸರಳಗೊಳಿಸಿ ಕಡತವನ್ನು ಕಿರಿದಾಗಿಸಬೇಕು. ನೂರಾರು ಬಿಂದುಗಳಿದ್ದಲ್ಲಿ ಅವುಗಳನ್ನು ಗುಂಪುಗೂಡಿಸಿ ತೋರಿಸುವ ಘಟಕವನ್ನು ಬಳಸಬಹುದು.
- ಬಳಕೆದಾರರ ಸ್ಥಳ ತೋರಿಸುವ ಗುಂಡಿಯು ಸುರಕ್ಷಿತ ವಿಳಾಸವಿರುವ ಜಾಲತಾಣದಲ್ಲಿ ಮಾತ್ರ ಕೆಲಸ ಮಾಡುತ್ತದೆ. ಬಳಕೆದಾರರ ಅನುಮತಿಯೂ ಬೇಕು.
- ನಕ್ಷೆಯ ಕೆಳಗೆ ಅದೇ ಮಾಹಿತಿಯನ್ನು ಗ್ರಾಮವಾರು ಪಟ್ಟಿಯಾಗಿಯೂ ಕೊಡಬೇಕು. ಸಂಪರ್ಕ ದುರ್ಬಲವಿರುವಲ್ಲಿ, ದೃಷ್ಟಿದೋಷವುಳ್ಳವರಿಗೆ ಹಾಗೂ ರೈತ ಸಂಪರ್ಕ ಕೇಂದ್ರದ ಸೂಚನಾ ಫಲಕಕ್ಕೆ ಮುದ್ರಿಸಲು ಈ ಪಟ್ಟಿಯೇ ನೆರವಾಗುತ್ತದೆ.

ರೈತರ ಹಿತ ಮತ್ತು ಕಾನೂನಿನ ಅಂಶಗಳು

ಒಬ್ಬ ರೈತರ ಕೊಳವೆಬಾವಿಯ ನೀರು ಕಲುಷಿತ ಎಂದು ನಕ್ಷೆಯಲ್ಲಿ ಹೆಸರು ಸಮೇತ ಪ್ರಕಟವಾದರೆ, ಅವರ ಹಾಲು, ತರಕಾರಿ ಮತ್ತು ಜಮೀನಿನ ಬೆಲೆಗೆ ಧಕ್ಕೆ ಬರಬಹುದು. ಮಾಲಿನ್ಯ ಮಾಡಿದವರು ಅವರಲ್ಲ. ನಷ್ಟ ಮಾತ್ರ ಅವರದಾಗುತ್ತದೆ. ಹಾಗಾದಲ್ಲಿ ಮುಂದೆ ಯಾರೂ ಮಾದರಿ ಕೊಡಲು ಮುಂದಾಗುವುದಿಲ್ಲ. ಆದ್ದರಿಂದ ಖಾಸಗಿ ಬಾವಿಗಳ ಸ್ಥಳವನ್ನು ಸಾರ್ವಜನಿಕ ನಕ್ಷೆಯಲ್ಲಿ ದಶಮಾಂಶದ ಎರಡು ಸ್ಥಾನಗಳಿಗೆ ಸೀಮಿತಗೊಳಿಸಿ, ಅಂದರೆ ಸುಮಾರು ಒಂದು ಕಿಲೋಮೀಟರ್ ವ್ಯಾಪ್ತಿಯಲ್ಲಿ ತೋರಿಸಿ, ‘ಸ್ಥಳ ಅಂದಾಜು’ ಎಂದು ನಮೂದಿಸಬೇಕು. ರೈತರ ಹೆಸರು, ದೂರವಾಣಿ ಮತ್ತು ಸರ್ವೆ ನಂಬರುಗಳನ್ನು ಪ್ರಕಟಿಸಬಾರದು. ನಿಖರ ಫಲಿತಾಂಶವನ್ನು ಸಂಬಂಧಪಟ್ಟ ರೈತರಿಗೆ ನೇರವಾಗಿ ತಲುಪಿಸಬೇಕು. ನದಿ, ಕೆರೆ ಮತ್ತು ಸಾರ್ವಜನಿಕ ಕಾಲುವೆಗಳ ಬಿಂದುಗಳನ್ನು ಮಾತ್ರ ನಿಖರವಾಗಿ ತೋರಿಸಬಹುದು.

ಹಿನ್ನೆಲೆಯಲ್ಲಿ ಬಳಸುವ ಕೆಲವು ಅಂತರರಾಷ್ಟ್ರೀಯ ನಕ್ಷೆಗಳು ಭಾರತದ ಗಡಿಯನ್ನು ಸರ್ವೇ ಆಫ್ ಇಂಡಿಯಾ ನಕ್ಷೆಗೆ ಅನುಗುಣವಾಗಿ ತೋರಿಸುವುದಿಲ್ಲ. ದೇಶದ ಗಡಿಯನ್ನು ತಪ್ಪಾಗಿ ಪ್ರಕಟಿಸುವುದು ಶಿಕ್ಷಾರ್ಹ. ಕಣಿವೆಯ ಎಲ್ಲೆಯಿಂದ ಹೊರಗೆ ನಕ್ಷೆ ಜರುಗದಂತೆ ಮತ್ತು ಹಂತ 9ಕ್ಕಿಂತ ಕೆಳಗೆ ಕುಗ್ಗದಂತೆ ಮಿತಿ ಹಾಕಿದರೆ ಈ ತೊಡಕು ಬರುವುದಿಲ್ಲ.

ಸಾಮಾನ್ಯ ದೋಷಗಳು ಮತ್ತು ಪರಿಹಾರ

- ನಕ್ಷೆಯ ಜಾಗದಲ್ಲಿ ಏನೂ ಕಾಣುವುದಿಲ್ಲ: ಚೌಕಟ್ಟಿಗೆ ಎತ್ತರ ನಿಗದಿಯಾಗಿಲ್ಲ. ಎತ್ತರವನ್ನು ನಮೂದಿಸಿ.
- ಒಂದು ಮೂಲೆ ಮಾತ್ರ ಕಂಡು ಉಳಿದುದು ಬೂದು ಬಣ್ಣದಲ್ಲಿರುತ್ತದೆ: ಮುಚ್ಚಿದ ಪಟ್ಟಿಯೊಳಗೆ ನಕ್ಷೆ ತೆರೆದಿದೆ. ಪಟ್ಟಿ ತೆರೆದ ನಂತರ ನಕ್ಷೆಯ ಗಾತ್ರವನ್ನು ಮರುಲೆಕ್ಕ ಹಾಕಿಸಬೇಕು.
- ಬಿಂದುಗಳು ಸಮುದ್ರದಲ್ಲಿವೆ: ಅಕ್ಷಾಂಶ ಮತ್ತು ರೇಖಾಂಶಗಳು ಅದಲುಬದಲಾಗಿವೆ.
- ಊರಿನ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳಿವೆ: ಕಡತವನ್ನು ಯುಟಿಎಫ್-8ರಲ್ಲಿ ಉಳಿಸಿಲ್ಲ.
- ಎಲ್ಲ ಬಿಂದುಗಳೂ ಒಂದೇ ದಿಕ್ಕಿಗೆ ಸರಿದಿವೆ: ಸ್ಥಳ ನಿರ್ದೇಶನದ ಆಧಾರ ಬೇರೆಯಾಗಿದೆ. ಡಬ್ಲ್ಯೂಜಿಎಸ್ 84ಕ್ಕೆ ಪರಿವರ್ತಿಸಿ.

ಪ್ರಕಟಿಸುವ ಮೊದಲು ಐದಾರು ಪರಿಚಿತ ಸ್ಥಳಗಳನ್ನು, ಉದಾಹರಣೆಗೆ ಕೆರೆಯ ಏರಿ ಅಥವಾ ಸೇತುವೆಯನ್ನು, ನಕ್ಷೆಯಲ್ಲಿ ತೆರೆದು ಸರಿಯಿದೆಯೇ ಎಂದು ಆ ಊರಿನ ರೈತರಿಂದಲೇ ಪರಿಶೀಲಿಸಿಕೊಳ್ಳುವುದು ಅತ್ಯಂತ ವಿಶ್ವಾಸಾರ್ಹ ಕ್ರಮ.

ರೈತ ಬಾಂಧವರಿಗೆ ಸೂಚನೆಗಳು

1. ನಕ್ಷೆಯಲ್ಲಿ ಮೊದಲು ಶೀರ್ಷಿಕೆ ಮತ್ತು ದಿನಾಂಕವನ್ನು ಓದಿರಿ. ಬಣ್ಣವನ್ನು ನಂತರ ನೋಡಿರಿ.
2. ಸಮೀಪದ ಬಿಂದುವಿನ ಫಲಿತಾಂಶ ನಿಮ್ಮ ಬಾವಿಯ ಫಲಿತಾಂಶವಲ್ಲ. ಸುತ್ತಲಿನ ಬಿಂದುಗಳು ಮಧ್ಯಮ ಅಥವಾ ತೀವ್ರ ವರ್ಗದಲ್ಲಿದ್ದರೆ ನಿಮ್ಮ ನೀರನ್ನು ತಪ್ಪದೆ ಪರೀಕ್ಷಿಸಿಕೊಳ್ಳಿರಿ.
3. ನದಿ ನೀರು ಬಳಸುವವರು ಭಾರಲೋಹ ಪರೀಕ್ಷೆಯ ಫಲಿತಾಂಶ ಬರುವವರೆಗೆ ಸೊಪ್ಪು ತರಕಾರಿ ಮತ್ತು ಹಸಿಯಾಗಿ ತಿನ್ನುವ ಬೆಳೆಗಳಿಗೆ ಆ ನೀರನ್ನು ಬಳಸದಿರುವುದು ಕ್ಷೇಮ. ಕಾಲುವೆಯಲ್ಲಿ ಕೆಲಸ ಮಾಡುವಾಗ ಕೈಗವಸು ಮತ್ತು ಗಮ್‌ಬೂಟು ಧರಿಸಿರಿ.
4. ಜಾಲಪುಟದ ನಕ್ಷೆಯಿಂದ ಜಮೀನಿನ ಎಲ್ಲೆಯನ್ನು ನಿರ್ಧರಿಸಬೇಡಿ. ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರವು ರೂಪಿಸಿದ ದಿಶಾಂಕ್ ಆ್ಯಪ್ ನಿಂತ ಜಾಗದ ಸರ್ವೆ ನಂಬರನ್ನು ತಿಳಿಯಲು ನೆರವಾಗುತ್ತದೆ. ಆದರೆ ಎಲ್ಲೆಯ ವ್ಯಾಜ್ಯಕ್ಕೆ ಸರ್ವೆ ಇಲಾಖೆಯ ಅಳತೆಯೇ ಆಧಾರ.
5. ನಕ್ಷೆಯಲ್ಲಿ ನಿಮ್ಮ ಊರು ಖಾಲಿಯಿದ್ದರೆ ಅಲ್ಲಿ ತೊಂದರೆ ಇಲ್ಲವೆಂದು ಅರ್ಥವಲ್ಲ. ಇನ್ನೂ ಅಳೆದಿಲ್ಲವೆಂದು ಅರ್ಥ. ಮಾದರಿ ತೆಗೆಯಲು ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ಕೋರಿರಿ.

ಮುಕ್ತಾಯ

ನಕ್ಷೆಯನ್ನು ಪುಟದಲ್ಲಿ ಅಳವಡಿಸುವುದು ಒಂದು ದಿನದ ಕೆಲಸ. ಅದರಲ್ಲಿರುವ ಪ್ರತಿ ಬಿಂದುವಿಗೆ ಜವಾಬ್ದಾರರಾಗುವುದು ನಿರಂತರ ಕೆಲಸ. ಪ್ರತಿ ಹಂಗಾಮಿಗೆ ದತ್ತಾಂಶವನ್ನು ನವೀಕರಿಸಲು ಒಬ್ಬ ಸಿಬ್ಬಂದಿಯನ್ನು ನಿಯೋಜಿಸಬೇಕು. ಹಳೆಯ ಅಳತೆಗಳನ್ನು ಅಳಿಸದೆ ವರ್ಷವಾರು ಪದರಗಳಲ್ಲಿ ಉಳಿಸಿದರೆ, ನೀರು 5 ವರ್ಷಗಳಲ್ಲಿ ಸುಧಾರಿಸಿದೆಯೇ ಅಥವಾ ಇನ್ನಷ್ಟು ಕೆಟ್ಟಿದೆಯೇ ಎಂಬುದನ್ನು ಮೇಲ್ಭಾಗದ ಬಡಾವಣೆಯವರೂ ಕೆಳಭಾಗದ ರೈತರೂ ಒಂದೇ ನಕ್ಷೆಯಲ್ಲಿ ಕಾಣಬಹುದು. ನೀರಿನ ಶುದ್ಧೀಕರಣಕ್ಕಾಗಿ ಸಂಬಂಧಪಟ್ಟ ಇಲಾಖೆಗಳನ್ನು ಕೋರುವಾಗ ರೈತರ ಕೈಯಲ್ಲಿ ಇಂತಹ ದಾಖಲೆಯಿದ್ದರೆ ಅವರ ಮಾತಿಗೆ ಬಲ ಬರುತ್ತದೆ.